ದಿನ ತುಂಬದ ಕೂಸಿನ ರಕ್ತದೊತ್ತಡ

ರಕ್ತದೊತ್ತಡವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನಡುವಯಸ್ಸು ದಾಟಿದ ಗೃಹಸ್ಥನೊಬ್ಬನ ಚಿತ್ರ. ಉಪ್ಪಿನಕಾಯಿ ಬಿಡಬೇಕು, ಸಿಟ್ಟು ಬಿಡಬೇಕು, ದಿನಕ್ಕೊಂದು ಗುಳಿಗೆ ನುಂಗಬೇಕು. ಅಲ್ಲಿಗೆ ಆ ವಿಷಯ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಹುಟ್ಟಿ ಒಂದು ಜಾವವೂ ಕಳೆಯದ ಕೂಸಿಗೂ ರಕ್ತದೊತ್ತಡವೆಂಬುದುಂಟು. ತಿಂಗಳು ತುಂಬುವ ಮುನ್ನವೇ ಹುಟ್ಟಿದ ಕೂಸಿನಲ್ಲಿ ಅದು ಎಷ್ಟಿರಬೇಕು, ಕಡಿಮೆಯಾದರೆ ಏನು ಮಾಡಬೇಕು, ಏನನ್ನು ಮಾಡದೆ ಇರಬೇಕು ಎಂಬ ಪ್ರಶ್ನೆ ಶಿಶುವೈದ್ಯರನ್ನು ನಾಲ್ಕು ದಶಕಗಳಿಂದ ಕಾಡುತ್ತ ಬಂದಿದೆ. ಪೂರ್ತಿ ಉತ್ತರ ಇನ್ನೂ ದೊರೆತಿಲ್ಲ. ದೊರೆತಷ್ಟನ್ನು ಕೇಳುಗರ ಮುಂದಿಡುವುದು ಈ ಮಾತಿನ ಉದ್ದೇಶ.

ನಮ್ಮ ಕೊಪ್ಪಳ ಸೀಮೆಯ ಗಿಣಿಗೇರಾವನ್ನೇ ತೆಗೆದುಕೊಳ್ಳೋಣ. ಹೊಸಪೇಟೆಯಿಂದ ಕೊಪ್ಪಳಕ್ಕೆ ಬರುವ ಹೆದ್ದಾರಿಯ ಮೇಲಿನ ಊರು. ಸುತ್ತಲೂ ಕಬ್ಬಿಣದ ಕಾರ್ಖಾನೆಗಳು. ಮಹಬೂಬನಗರದ ಕಡೆಗೆ ಹೊರಟ ರೈಲುದಾರಿ ಕವಲೊಡೆಯುವುದೂ ಅಲ್ಲಿಂದಲೇ. ಅಲ್ಲಿಯ ಒಂದು ಮನೆಯಲ್ಲಿ ಏಳು ತಿಂಗಳ ಬಸುರಿಗೆ ನಡುರಾತ್ರಿಯಲ್ಲಿ ನೋವು ಕಾಣಿಸಿಕೊಂಡಿತೆನ್ನಿ. ಕೊಪ್ಪಳದ ಜಿಲ್ಲಾ ಆಸ್ಪತ್ರೆ ಹತ್ತು-ಹನ್ನೆರಡು ಕಿಲೋಮೀಟರು. ಕೂಸು ಹುಟ್ಟಿತು, ಇಪ್ಪತ್ತೊಂಬತ್ತು ವಾರ, ಒಂದು ಸಾವಿರದ ನೂರು ಗ್ರಾಂ ತೂಕ. ‘ಏಳಕ್ಕೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯದು’ ಎಂದು ಸಮಾಧಾನ ಹೇಳುವ ಹಿರಿಯರು ಇಂದಿಗೂ ಇದ್ದಾರೆ. ಆ ಮಾತಿನಲ್ಲಿ ಪ್ರೀತಿಯುಂಟು, ಸತ್ಯವಿಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ ಕೂಸನ್ನು ಬೆಚ್ಚನೆಯ ದೀಪದಡಿ ಮಲಗಿಸಿ, ತೋಳಿಗೆ ಹೆಬ್ಬೆರಳಿನಗಲದ ಪಟ್ಟಿಯೊಂದನ್ನು ಸುತ್ತುತ್ತಾರೆ. ಯಂತ್ರದ ಪರದೆಯ ಮೇಲೆ ಒಂದು ಅಂಕೆ ಮೂಡುತ್ತದೆ: ಇಪ್ಪತ್ತೇಳು. ಗಾಜಿನ ಆಚೆ ನಿಂತ ತಂದೆಗೆ ನೂರಿಪ್ಪತ್ತು, ಎಂಬತ್ತು ಎಂಬ ಲೆಕ್ಕ ಮಾತ್ರ ಗೊತ್ತು. ಇಪ್ಪತ್ತೇಳನ್ನು ಕಂಡು ಅವನ ಎದೆ ಧಸಕ್ಕೆನ್ನುವುದು ಸಹಜ.

ಈ ಇಪ್ಪತ್ತೇಳೆಂದರೇನು? ಹೃದಯ ಹಿಂಡಿದಾಗ ಅಪಧಮನಿಯಲ್ಲಿ ಒತ್ತಡ ಏರುತ್ತದೆ, ಸಡಿಲಿದಾಗ ಇಳಿಯುತ್ತದೆ. ಈ ಏರಿಳಿತಗಳ ಸರಾಸರಿಯನ್ನು ಮಧ್ಯಮ ಒತ್ತಡವೆನ್ನುತ್ತಾರೆ. ಚಿಕ್ಕ ಕೂಸುಗಳಲ್ಲಿ ನೋಡುವುದು ಹೆಚ್ಚಾಗಿ ಇದನ್ನೇ. 1733ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ, ಹೆಣ್ಣುಕುದುರೆಯೊಂದರ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟಡಿಗೂ ಮೇಲೆ ಏರಿದ್ದನ್ನು ವರ್ಣಿಸಿದ್ದಾನೆ. ಅದೇ ಪ್ರಯೋಗವನ್ನು ನಮ್ಮಂಥ ಆರೋಗ್ಯವಂತ ಪ್ರಾಯಸ್ಥರ ಮೇಲೆ ಮಾಡಿದರೆ ರಕ್ತ ಸುಮಾರು ನಾಲ್ಕಡಿ ಏರೀತು. ಗಿಣಿಗೇರಾದ ಈ ಕೂಸಿನಲ್ಲಿ ಒಂದಡಿಗೆ ತುಸು ಹೆಚ್ಚು, ಅಷ್ಟೆ. ಆ ಪುಟ್ಟ ದೇಹದಲ್ಲಿರುವ ಒಟ್ಟು ರಕ್ತವಾದರೂ ಎಷ್ಟು? ಸುಮಾರು ನೂರು ಮಿಲಿಲೀಟರು, ಎಂದರೆ ಒಂದು ಸಣ್ಣ ಲೋಟದ ಚಹಾ. ಅಷ್ಟು ರಕ್ತಕ್ಕೆ, ಅಷ್ಟು ಪುಟ್ಟ ಹೃದಯಕ್ಕೆ ಆ ಒತ್ತಡ ನಾವೆಣಿಸುವಷ್ಟು ಅಲ್ಪವಾದುದಲ್ಲ.

ಹಾಗಾದರೆ ಎಷ್ಟಕ್ಕಿಂತ ಕೆಳಗಿಳಿದರೆ ಅಪಾಯ? 1987ರಲ್ಲಿ ಲಂಡನ್ನಿನ ಕೆಲವು ವೈದ್ಯರು, ಮಧ್ಯಮ ಒತ್ತಡ ಮೂವತ್ತಕ್ಕಿಂತ ಕೆಳಗೆ ಒಂದು ಗಂಟೆಯಾದರೂ ನಿಂತ ಕೂಸುಗಳಲ್ಲಿ ಮೆದುಳಿನ ರಕ್ತಸ್ರಾವ ಮತ್ತಿತರ ಹಾನಿಗಳು ಹೆಚ್ಚಾಗಿ ಕಂಡವೆಂದು ವರದಿ ಮಾಡಿದರು. 1992ರಲ್ಲಿ ಬ್ರಿಟನ್ನಿನ ವೈದ್ಯರ ಕೂಟವೊಂದು ಸುಲಭವಾದ ಸೂತ್ರವನ್ನು ಕೊಟ್ಟಿತು: ಕೂಸು ಎಷ್ಟು ವಾರಕ್ಕೆ ಹುಟ್ಟಿದೆಯೋ ಮಧ್ಯಮ ಒತ್ತಡ ಕನಿಷ್ಠ ಅಷ್ಟು ಮಿಲಿಮೀಟರು ಪಾದರಸ ಇರಬೇಕು. ಇಪ್ಪತ್ತೊಂಬತ್ತು ವಾರದ ಕೂಸಿಗೆ ಇಪ್ಪತ್ತೊಂಬತ್ತು. ನೆನಪಿಡಲು ಇದಕ್ಕಿಂತ ಸುಲಭವಾದ ಸೂತ್ರವಿಲ್ಲ. ಆದುದರಿಂದಲೇ ಅದು ಜಗತ್ತಿನ ಮೂಲೆಮೂಲೆಯ ಆಸ್ಪತ್ರೆಗಳನ್ನು ಹೊಕ್ಕಿತು. ಬಹುಕಾಲ ಪ್ರಯೋಗಗಳಿಂದ ಒರೆಗೆ ಹಚ್ಚದೆಯೇ ನಡೆದುಬಂದ ಸೂತ್ರವದು ಎಂಬುದು ಆಮೇಲೆ ನೆನಪಿಗೆ ಬಂತು. ಹತ್ತಾರು ಕೂಸುಗಳಲ್ಲಿ ಎರಡು ಸಂಗತಿಗಳು ಜೊತೆಯಾಗಿ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಅಂಕೆಯನ್ನು ಮೇಲೆತ್ತಿದರೆ ಮೆದುಳು ಉಳಿಯುತ್ತದೆಂಬುದಂತೂ ಅದರಿಂದ ಸಿದ್ಧವಾಗದು.

ಇಲ್ಲಿ ನಮ್ಮ ಸೀಮೆಯ ಒಂದು ದೃಷ್ಟಾಂತ ಕೊಡುವೆ. ಮುನಿರಾಬಾದಿನಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಹೊರಡುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರುಗಳನ್ನು ದಾಟಿ ರಾಯಚೂರಿನ ಕಡೆಗೆ ಸಾಗುತ್ತದೆ. ಕಾಲುವೆಯ ಮೊದಲಲ್ಲಿ ಅಳತೆಪಟ್ಟಿ ಎಷ್ಟು ಅಡಿ ತೋರಿಸುತ್ತದೆ ಎಂಬುದು ಒಂದು ಮಾತು. ಕೊನೆಯ ಹೊಲಕ್ಕೆ ನೀರು ಮುಟ್ಟಿತೇ ಎಂಬುದು ಇನ್ನೊಂದು ಮಾತು. ನಡುವೆ ತೂಬುಗಳನ್ನು ಮುಚ್ಚಿದರೆ ಕಾಲುವೆಯ ಮಟ್ಟ ಏರುತ್ತದೆ, ಹೊಲ ಮಾತ್ರ ಒಣಗುತ್ತದೆ. ತೂಬುಗಳೆಲ್ಲ ತೆರೆದಿದ್ದರೆ ಮಟ್ಟ ಇಳಿದಂತೆ ಕಾಣುತ್ತದೆ, ಬತ್ತ ಹಸುರಾಗಿಯೇ ಇರುತ್ತದೆ. ಕೊನೆಭಾಗದ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ರಕ್ತದೊತ್ತಡವೆಂಬುದು ಕಾಲುವೆಯ ಮಟ್ಟ. ಮೆದುಳು, ಮೂತ್ರಪಿಂಡ, ಕರುಳುಗಳು ಕೊನೆಯ ಹೊಲಗಳು. ನಮಗೆ ಬೇಕಾದುದು ಹೊಲಕ್ಕೆ ಮುಟ್ಟುವ ನೀರು. ಅಳೆಯಲು ಸುಲಭವಾದುದು ಕಾಲುವೆಯ ಮಟ್ಟ. ಈ ಶಾಸ್ತ್ರದ ಗೊಂದಲವೆಲ್ಲ ಹುಟ್ಟಿರುವುದು ಇಲ್ಲಿಯೇ.

ಅಂದಮೇಲೆ ನುರಿತ ವೈದ್ಯನೂ ದಾದಿಯೂ ಪರದೆಯ ಅಂಕೆಯನ್ನು ನೋಡಿ ಅಲ್ಲಿಗೇ ನಿಲ್ಲುವುದಿಲ್ಲ. ಎದೆಯ ನಡುವೆ ಬೆರಳಿನಿಂದ ಐದು ಸೆಕೆಂಡು ಒತ್ತಿ ಬಿಡುತ್ತಾರೆ; ಬಿಳಿಚಿದ ಚರ್ಮ ಮೂರು ಸೆಕೆಂಡಿನೊಳಗೆ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆಯೆಂದು ತಿಳಿಯುತ್ತಾರೆ. ನಾಡಿ ಬಲವಾಗಿದೆಯೇ, ಅತಿ ವೇಗವಾಗಿದೆಯೇ? ಅಂಗಾಲು ತಣ್ಣಗಿದೆಯೇ? ಕೂಸು ಕೈಕಾಲು ಆಡಿಸುತ್ತಿದೆಯೇ? ಮೊದಲ ದಿನ ಕಳೆದ ಮೇಲೆ ಗಂಟೆಗೆ, ತೂಕದ ಕಿಲೋ ಒಂದಕ್ಕೆ ಒಂದು ಮಿಲಿಲೀಟರಾದರೂ ಮೂತ್ರ ಬರುತ್ತಿದೆಯೇ? ರಕ್ತದಲ್ಲಿ ಲ್ಯಾಕ್ಟೇಟೆಂಬ ಆಮ್ಲ ಏರುತ್ತಿದೆಯೇ? ಸೌಲಭ್ಯವಿದ್ದಲ್ಲಿ ಶಬ್ದತರಂಗದ ಯಂತ್ರದಿಂದ ಹೃದಯವನ್ನೇ ನೋಡುತ್ತಾರೆ. ಇವುಗಳಲ್ಲಿ ಯಾವುದೊಂದೂ ತಾನೊಂದೇ ನಂಬಲರ್ಹವಲ್ಲ. ಎಲ್ಲವೂ ಒಂದೇ ಮಾತು ಹೇಳಿದರೆ ಅದನ್ನು ನಂಬಬೇಕು. ತೋಳಿನ ಪಟ್ಟಿಯ ಮಾಪಕವೂ ದೋಷಮುಕ್ತವಲ್ಲ. ಪಟ್ಟಿ ತೋಳಿನ ಅಳತೆಗಿಂತ ಚಿಕ್ಕದಾದರೆ ಅಂಕೆ ಹೆಚ್ಚಾಗಿ ಕಾಣುತ್ತದೆ; ತೀರ ಸಣ್ಣ ಕೂಸುಗಳಲ್ಲಿ ನಿಜವಾದ ಒತ್ತಡ ಬಹಳ ಇಳಿದಿದ್ದಾಗಲೂ ಅದು ತುಸು ಮೇಲೆಯೇ ತೋರಿಸುವುದುಂಟು. ಹೊಕ್ಕುಳಿನ ಅಪಧಮನಿಯಲ್ಲಿ ನವಿರಾದ ನಳಿಕೆಯಿಟ್ಟು ಅಳೆಯುವುದು ನಿಖರ; ಆದರೆ ಅದಕ್ಕೆ ತಕ್ಕ ಕೈಯೂ ಕಾವಲೂ ಬೇಕು.

ಇನ್ನೊಂದು ಸಂಗತಿ ತಂದೆತಾಯಿಗಳಿಗೆ ಧೈರ್ಯ ಕೊಡುವಂಥದು. ಹುಟ್ಟಿದ ಕೆಲವು ಗಂಟೆಗಳಲ್ಲಿ ಕೂಸಿನ ರಕ್ತದೊತ್ತಡ ಅತ್ಯಂತ ಕೆಳಗಿರುತ್ತದೆ; ಆಮೇಲೆ ತಾನಾಗಿ ಏರತೊಡಗುತ್ತದೆ. ಬಹು ಮುಂಚೆ ಹುಟ್ಟಿದ ಕೂಸುಗಳಲ್ಲಿಯೂ ಮೂರನೆಯ ದಿನದ ಹೊತ್ತಿಗೆ ಬಹುಪಾಲು ಮೂವತ್ತನ್ನು ದಾಟಿಬಿಡುತ್ತದೆ. ಎಂದರೆ, ಮೊದಲ ರಾತ್ರಿ ಕೊಟ್ಟ ಔಷಧಿಯಿಂದ ಏರಿತೆಂದು ನಾವು ಬೀಗುವ ಒತ್ತಡ ಔಷಧಿಯಿಲ್ಲದೆಯೂ ಏರುತ್ತಿತ್ತೋ ಏನೋ!

ಒತ್ತಡ ಇಳಿಯುವುದಾದರೂ ಏಕೆ? ಗರ್ಭದಲ್ಲಿದ್ದಾಗ ಹೃದಯದ ಕೆಲಸ ಹಗುರ. ಮಾಸು ಎಂಬ ವಿಶಾಲವಾದ ಬಯಲಿನಲ್ಲಿ ರಕ್ತ ಸಲೀಸಾಗಿ ಹರಿಯುತ್ತಿರುತ್ತದೆ. ಹೊಕ್ಕುಳಬಳ್ಳಿಗೆ ಕಟ್ಟು ಬಿದ್ದೊಡನೆ ಆ ಬಯಲು ಮುಚ್ಚಿಹೋಗುತ್ತದೆ. ಎಳೆಯ ಹೃದಯ ಇದ್ದಕ್ಕಿದ್ದಂತೆ ಏರುದಾರಿಯಲ್ಲಿ ಬಂಡಿ ಎಳೆಯಬೇಕಾಗುತ್ತದೆ. ಅದರ ಸ್ನಾಯು ಇನ್ನೂ ಬಲಿತಿಲ್ಲ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ಗರ್ಭಕಾಲದ ಒಂದು ಕಿರುನಾಳ ತೆರೆದೇ ಉಳಿದರೆ ದೇಹಕ್ಕೆ ಹೋಗಬೇಕಾದ ರಕ್ತ ಶ್ವಾಸಕೋಶಗಳ ಕಡೆಗೆ ಸೋರುತ್ತದೆ. ಉಸಿರಾಟದ ಯಂತ್ರದ ಒತ್ತಡ ಅತಿಯಾದರೆ ಹೃದಯಕ್ಕೆ ರಕ್ತ ಮರಳುವುದೇ ಕಷ್ಟ. ನಂಜು ತಗುಲಿದ್ದರೆ ನಾಳಗಳು ಸಡಿಲುತ್ತವೆ. ಮೂತ್ರಪಿಂಡದ ಮೇಲಿನ ಎಳೆಯ ಗ್ರಂಥಿಗಳು ಸಾಕಷ್ಟು ರಸ ಸ್ರವಿಸದೆ ಹೋದಾವು. ನಿಜವಾಗಿ ರಕ್ತ ನಷ್ಟವಾದುದರಿಂದ ಒತ್ತಡ ಇಳಿಯುವುದು ಇವೆಲ್ಲಕ್ಕಿಂತ ಅಪರೂಪ. ಹೀಗಿದ್ದರೂ ಬಹುಕಾಲ ನಡೆದುಬಂದ ಮೊದಲ ಚಿಕಿತ್ಸೆ, ರಕ್ತನಾಳಕ್ಕೆ ದ್ರವ ತುಂಬುವುದು!

ಈ ದ್ರವ ತುಂಬುವ ವಿಷಯದಲ್ಲಿ ಉತ್ತರ ಇಂಗ್ಲೆಂಡಿನ ವೈದ್ಯರು ನಡೆಸಿದ ಪ್ರಯೋಗವೊಂದನ್ನು ಹೇಳಲೇಬೇಕು. ಮೂವತ್ತೆರಡು ವಾರ ತುಂಬದ 776 ಕೂಸುಗಳನ್ನು ಅವರು ಮೂರು ಗುಂಪು ಮಾಡಿದರು. ಹುಟ್ಟಿದೊಡನೆ ಒಂದು ಗುಂಪಿಗೆ ರಕ್ತದ ಪ್ಲಾಸ್ಮಾ, ಇನ್ನೊಂದಕ್ಕೆ ಜೆಲಟಿನ್ ದ್ರಾವಣ, ಮೂರನೆಯದಕ್ಕೆ ಮಾಮೂಲಿನ ಗ್ಲೂಕೋಸು ಮಾತ್ರ. ಮುನ್ನೆಚ್ಚರಿಕೆಯಾಗಿ ರಕ್ತನಾಳ ತುಂಬಿಸಿದರೆ ಮೆದುಳು ಉಳಿದೀತೆಂಬುದು ಅವರ ಆಸೆ. ಕೂಸುಗಳಿಗೆ ಎರಡು ವರ್ಷವಾಗುವವರೆಗೆ ಕಾದು ನೋಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ: ಸಾವಿನಲ್ಲಾಗಲಿ ಅಂಗವೈಕಲ್ಯದಲ್ಲಾಗಲಿ ಮೂರು ಗುಂಪುಗಳಿಗೂ ಅಂತರವೇ ಇಲ್ಲ. ಅಂದಿನಿಂದ ಬುದ್ಧಿವಂತರು ಕೈ ಬಿಗಿಹಿಡಿದಿದ್ದಾರೆ. ಆಘಾತಸ್ಥಿತಿಯ ಲಕ್ಷಣಗಳಿದ್ದರೆ ಕಿಲೋ ತೂಕಕ್ಕೆ ಹತ್ತು ಮಿಲಿಲೀಟರಿನಂತೆ ಲವಣಜಲವನ್ನು ಇಪ್ಪತ್ತು-ಮೂವತ್ತು ನಿಮಿಷಗಳಲ್ಲಿ ನಿಧಾನವಾಗಿ ಹರಿಸುತ್ತಾರೆ. ಗುಣ ಕಾಣದಿದ್ದರೆ ಮೇಲೆಮೇಲೆ ಸುರಿಯುವುದಿಲ್ಲ.

ಮುಂದಿನ ಹೆಜ್ಜೆ ಡೋಪಮೈನ್. ಇದು ನಾಳಗಳನ್ನು ಬಿಗಿಸುತ್ತದೆ, ಹೃದಯಕ್ಕೂ ಚಾಟಿ ಬೀಸುತ್ತದೆ. ಕೊಡುವುದು ನಿಮಿಷಕ್ಕೆ, ಕಿಲೋ ತೂಕಕ್ಕೆ ಐದು ಮೈಕ್ರೋಗ್ರಾಂ ಆಸುಪಾಸಿನಿಂದ ಆರಂಭಿಸಿ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಇಷ್ಟು ಸೂಕ್ಷ್ಮವಾಗಿ ಹರಿಸಲು ಯಂತ್ರಚಾಲಿತ ಪಿಚಕಾರಿ ಬೇಕು, ಅದರ ಮೇಲೆ ಎಡೆಬಿಡದ ಕಣ್ಣು ಬೇಕು. ಕೈಯ ಸಣ್ಣ ನಾಳದಿಂದ ಔಷಧಿ ಹೊರಗೆ ಸೋರಿದರೆ ಅಲ್ಲಿಯ ಚರ್ಮವೇ ಸತ್ತುಹೋಗಬಹುದು. ಹೃದಯ ದುರ್ಬಲವಾಗಿದ್ದರೆ ಡೊಬ್ಯುಟಮೈನ್, ಯಾವುದಕ್ಕೂ ಬಗ್ಗದಿದ್ದರೆ ಅಡ್ರಿನಲಿನ್ ಅಥವಾ ಹೈಡ್ರೋಕಾರ್ಟಿಸೋನ್. ಡೋಪಮೈನ್ ಅಂಕೆಯನ್ನು ಮೇಲೆತ್ತುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ತೂಬು ಮುಚ್ಚಿ ಏರಿಸಿದ ಮಟ್ಟವೋ, ಹೊಲಕ್ಕೆ ಮುಟ್ಟಿದ ನೀರೋ?

ಇದನ್ನು ಇತ್ಯರ್ಥಪಡಿಸಲೆಂದೇ ಯೂರೋಪು ಮತ್ತು ಕೆನಡಾದ ವೈದ್ಯರು ದೊಡ್ಡದೊಂದು ಪ್ರಯೋಗಕ್ಕೆ ಕೈಹಾಕಿದರು. ಇಪ್ಪತ್ತೆಂಟು ವಾರ ತುಂಬದ, ಒತ್ತಡ ಇಳಿದಿರುವ ಕೂಸುಗಳಲ್ಲಿ ಕೆಲವಕ್ಕೆ ಡೋಪಮೈನ್, ಉಳಿದವಕ್ಕೆ ಔಷಧಿಯಿಲ್ಲದ ಬರಿಯ ದ್ರಾವಣ. ಬೇಕಾಗಿದ್ದುದು 830 ಕೂಸುಗಳು, ಸೇರಿದ್ದು 58. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2021ರಲ್ಲಿ ವರದಿ ಬಂದಾಗ ತೀರ್ಪು ಕೊಡುವಷ್ಟು ಸಂಖ್ಯೆಯೇ ಅದರಲ್ಲಿರಲಿಲ್ಲ. ಇದು ವೈದ್ಯರ ಸೋಮಾರಿತನವೆಂದು ನಾನು ತಿಳಿಯುವುದಿಲ್ಲ. ಹೆತ್ತ ಕೆಲವೇ ಗಂಟೆಗಳಲ್ಲಿ, ಕೂಸು ಸಾವುಬದುಕಿನ ನಡುವೆ ಇರುವಾಗ, ‘ಔಷಧಿ ಕೊಡಬೇಕೋ ಬೇಡವೋ ಎಂಬುದನ್ನು ಚೀಟಿಯೆತ್ತಿ ನಿರ್ಧರಿಸುತ್ತೇವೆ, ಒಪ್ಪುವಿರಾ’ ಎಂದು ತಾಯಿಯನ್ನು ಕೇಳುವುದು ಸುಲಭದ ಮಾತೇ? ಪ್ರಶ್ನೆ ಹಾಗೆಯೇ ಉಳಿದಿದೆ. ಇದಕ್ಕೂ ಮೊದಲು, 2009ರಲ್ಲಿ, ಮಾಂಟ್ರಿಯಲ್ ನಗರದ ಅನುಭವವೊಂದು ಪ್ರಕಟವಾಗಿತ್ತು. ಅಂಕೆ ಕಡಿಮೆಯಿದ್ದರೂ ರಕ್ತದ ಹರಿವು ಚೆನ್ನಾಗಿದೆಯೆಂದು ಕಂಡು ಔಷಧಿಯಿಲ್ಲದೆ ಕಾದುನೋಡಿದ ಕೂಸುಗಳು, ಒತ್ತಡ ಸರಿಯಿದ್ದ ಕೂಸುಗಳಷ್ಟೇ ಚೆನ್ನಾಗಿದ್ದವು. ಅದು ಚೀಟಿಯೆತ್ತಿ ಮಾಡಿದ ಪ್ರಯೋಗವಲ್ಲ, ಕಂಡದ್ದರ ವರದಿ. ಆದರೂ ಕೈತಡೆದು ನಿಲ್ಲುವವರಿಗೆ ಅದೊಂದು ಆಧಾರ.

ಹಾಗೆಂದು ಇಳಿದ ಒತ್ತಡವನ್ನು ಅಲಕ್ಷಿಸಿ ಕೂರುವಂತಿಲ್ಲ. ಮೆದುಳಿನ ಒಳಕುಹರಗಳ ಅಂಚಿನಲ್ಲಿ ಸುಮಾರು ಮೂವತ್ತನಾಲ್ಕನೆಯ ವಾರದವರೆಗೆ ತೀರ ನವಿರಾದ ರಕ್ತನಾಳಗಳ ಒಂದು ಜಾಲವಿರುತ್ತದೆ. ಬಲಿತವರ ಮೆದುಳು ಒತ್ತಡ ಏರಲಿ ಇಳಿಯಲಿ ತನ್ನ ತೂಬುಗಳನ್ನು ತಾನೇ ಹಿಗ್ಗಿಸಿ ಕುಗ್ಗಿಸಿ ಹರಿವನ್ನು ಸಮವಾಗಿಡುತ್ತದೆ. ದಿನ ತುಂಬದ ಕೂಸಿನಲ್ಲಿ, ಅದರಲ್ಲಿಯೂ ರೋಗಗ್ರಸ್ತವಾದ ಕೂಸಿನಲ್ಲಿ, ಈ ಶಕ್ತಿ ಸಾಲದು. ಒತ್ತಡ ಬಹಳ ಇಳಿದರೆ ಮೆದುಳು ಬರಗಾಲದಲ್ಲಿ ನರಳುತ್ತದೆ. ಅವಸರದಿಂದ ದ್ರವ ಸುರಿದು ಒಮ್ಮೆಲೇ ಏರಿಸಿದರೆ ಆ ನವಿರು ನಾಳಗಳು ಒಡೆಯುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತಡೆಯಿಲ್ಲದ ನೀರು ಎಂಥದೆಂಬುದನ್ನು ನಮ್ಮವರು ಕಂಡಿದ್ದಾರೆ. ಇಂಥ ರಕ್ತಸ್ರಾವಗಳಲ್ಲಿ ಹೆಚ್ಚಿನವು ಮೊದಲ ಮೂರು ದಿನಗಳಲ್ಲಿಯೇ ಆಗುತ್ತವೆ. ಬರಗಾಲವನ್ನೂ ಪ್ರವಾಹವನ್ನೂ ಒಟ್ಟಿಗೆ ತಪ್ಪಿಸಬೇಕಾದುದೇ ಈ ಚಿಕಿತ್ಸೆಯ ಕಷ್ಟ.

ಆದುದರಿಂದ, ಒತ್ತಡ ಇಳಿದ ಮೇಲೆ ಏರಿಸುವುದಕ್ಕಿಂತ ಇಳಿಯದಂತೆ ನೋಡಿಕೊಳ್ಳುವ ಉಪಾಯಗಳಿಗೇ ಹೆಚ್ಚಿನ ಬೆಲೆಯೆಂದು ನನ್ನ ಎಣಿಕೆ. ಇವುಗಳಿಗೆ ಪುರಾವೆಯೂ ಗಟ್ಟಿ. ಮೊದಲನೆಯದು ಹೆರಿಗೆಗೆ ಮುನ್ನ ತಾಯಿಗೆ ಕೊಡುವ ಸ್ಟೆರಾಯಿಡ್ ಚುಚ್ಚುಮದ್ದು. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಅವರು ತೋರಿಸಿಕೊಟ್ಟದ್ದಿದು. ಶ್ವಾಸಕೋಶ ಬಲಿಯುವುದಲ್ಲದೆ ಮೆದುಳಿನ ರಕ್ತಸ್ರಾವವೂ ಕಡಿಮೆಯಾಗುತ್ತದೆ. ಹುಟ್ಟಿದ ಮೇಲೆ ಒತ್ತಡ ಏರಿಸುವ ಔಷಧಿಗಳ ಅಗತ್ಯವೂ ತಗ್ಗುತ್ತದೆ. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜೂ ಪಾಲ್ಗೊಂಡ ಐದು ದೇಶಗಳ ಪ್ರಯೋಗದಲ್ಲಿ, ಸಜ್ಜಾದ ಆಸ್ಪತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಪಡೆದ ತಾಯಂದಿರ ಕೂಸುಗಳಲ್ಲಿ ನೂರಕ್ಕೆ 19.6 ತೀರಿಕೊಂಡರೆ, ಪಡೆಯದವರಲ್ಲಿ 23.5 ತೀರಿಕೊಂಡವೆಂದು 2020ರಲ್ಲಿ ತಿಳಿದುಬಂತು. ನೋವು ಬಂದೊಡನೆ ಮನೆಯಲ್ಲಿ ಕಾಯದೆ ಹೊರಟರೆ ಮಾತ್ರ ಈ ಮದ್ದಿಗೆ ಕೆಲಸ ಮಾಡಲು ಸಮಯ ಸಿಗುತ್ತದೆ. ಗಿಣಿಗೇರಾದಿಂದ ಕೊಪ್ಪಳಕ್ಕೆ ಅರ್ಧಗಂಟೆಯ ದಾರಿ ಹೆಚ್ಚಲ್ಲ. ಬೆಳಗಾಗಲಿ ಎಂದು ಕಾಯುವುದೇ ದೂರ.

ಎರಡನೆಯದು ಹೊಕ್ಕುಳಬಳ್ಳಿ. ಕೂಸು ಹೊರಬಂದಾಗ ಅದರ ಪಾಲಿನ ರಕ್ತ ಇನ್ನೂ ಮಾಸಿನಲ್ಲಿಯೇ ಉಳಿದಿರುತ್ತದೆ. ಬಳ್ಳಿಯನ್ನು ತಕ್ಷಣ ಕತ್ತರಿಸದೆ ಒಂದು ನಿಮಿಷ ತಡೆದರೆ ಕಿಲೋ ತೂಕಕ್ಕೆ ಹತ್ತು-ಹದಿನೈದು ಮಿಲಿಲೀಟರಿನಷ್ಟು ಕೂಸಿಗೆ ಸೇರುತ್ತದೆ. ಆಮೇಲೆ ಲವಣಜಲವಾಗಿ ತುಂಬಲು ಹೊರಡುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ ಅಲ್ಲವೇ? ಆದರೆ ಇದು ಅದರದೇ ರಕ್ತ, ಬೆಚ್ಚಗಿರುವ ರಕ್ತ, ಒಂದು ಪೈಸೆಯ ಖರ್ಚಿಲ್ಲದ್ದು. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಹೀಗೆ ತಡೆದ ಅಕಾಲಿಕ ಶಿಶುಗಳಲ್ಲಿ ಸಾವು ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ದುಬಾರಿಯಾದ ಯಾವ ಔಷಧಿಯೂ ಇಷ್ಟು ಮಾಡಿದ್ದನ್ನು ಈ ಕ್ಷೇತ್ರದಲ್ಲಿ ನಾನು ಕಂಡಿಲ್ಲ. ಹುಟ್ಟಿದೊಡನೆ ಉಸಿರಾಡದ ಕೂಸಿಗೆ ಮಾತ್ರ ಈ ವಿಳಂಬ ಸಲ್ಲದೆಂದು ವೈದ್ಯರು ನಿರ್ಧರಿಸಬಹುದು.

ಮೂರನೆಯದು ಬೆಚ್ಚಗೆ. ತಣ್ಣಗಾದ ಕೂಸಿನ ಅಂಗಾಲಿಗೆ ರಕ್ತ ಹರಿಯದು, ಚರ್ಮ ಕೆಂಪೇರಲು ತಡವಾಗುತ್ತದೆ. ಆಘಾತಸ್ಥಿತಿಯೋ ಬರಿಯ ಚಳಿಯೋ ಎಂದು ತಿಳಿಯದಂತಾಗುತ್ತದೆ. ಹೊರಸಿನ ಕೆಳಗೆ ಕೆಂಡವಿಟ್ಟು, ತಲೆಗೆ ಕುಂಚಿಗೆ ಕಟ್ಟಿ ಬಾಣಂತನ ಮಾಡಿದ ನಮ್ಮ ಅಜ್ಜಿಯರಿಗೆ ಬೆಚ್ಚಗಿಡುವುದರ ಬೆಲೆ ಗೊತ್ತಿತ್ತು. ಕೆಂಡದ ಹೊಗೆಯೂ ಹುಟ್ಟಿದೊಡನೆಯ ಸ್ನಾನವೂ ಇಂಥ ಕೂಸಿಗೆ ವಿಷಸಮಾನ. ಕುಂಚಿಗೆ ಮಾತ್ರ ಇಂದಿಗೂ ಇರಲಿ. ಎಲ್ಲಕ್ಕಿಂತ ಒಳ್ಳೆಯ ಶಾಖ ತಾಯಿಯ ಎದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಆರಂಭಿಸಿದ ಕಾಂಗರೂ ಪದ್ಧತಿಯೆಂದರೆ ಇದೇ: ಕೂಸನ್ನು ಬತ್ತಲೆ ಎದೆಗೆ ಅಪ್ಪಿಸಿ ಬಟ್ಟೆಯಿಂದ ಕಟ್ಟುವುದು. ಈ ಪದ್ಧತಿಯನ್ನು ಒಂದು ಇಡೀ ಜಿಲ್ಲೆಯ ಕೂಸುಗಳಿಗೆ ಹೇಗೆ ಮುಟ್ಟಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯಾದಲ್ಲಿಯೂ ಭಾರತದಲ್ಲಿಯೂ ನಡೆಸಿದ ಅಧ್ಯಯನಕ್ಕೆ ಕರ್ನಾಟಕದಿಂದ ಆರಿಸಿಕೊಂಡದ್ದು ಕೊಪ್ಪಳ ಜಿಲ್ಲೆಯನ್ನೇ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇಲ್ಲಿಯ ಸರಕಾರಿ ವೈದ್ಯರೊಡನೆ ಕೂಡಿ ಮಾಡಿದ ಕೆಲಸವಿದು. 2021ರಲ್ಲಿ ಅದರ ಫಲ ಪ್ರಕಟವಾಯಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ, ಕೂಸಿನ ಸ್ಥಿತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದೊಡನೆಯೇ ತಾಯಿಯ ಎದೆಗೆ ಒಪ್ಪಿಸಿದಾಗ, ಮೊದಲ ಇಪ್ಪತ್ತೆಂಟು ದಿನಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ದೇಹ ತಣ್ಣಗಾಗುವುದೂ ನಂಜು ತಗುಲಿದ ಶಂಕೆಯೂ ಕಡಿಮೆಯಾದವು; ರಕ್ತದೊತ್ತಡವನ್ನು ಕುಸಿಯಿಸುವ ದೊಡ್ಡ ವೈರಿ ನಂಜೇ ಎಂಬುದನ್ನು ಆಗಲೇ ಹೇಳಿದ್ದೇನೆ. ಉಸಿರಾಟವೇ ಇಲ್ಲದ, ಆಘಾತಸ್ಥಿತಿಯಲ್ಲಿ ಬಿದ್ದ ಕೂಸಿನ ಮಾತು ಬೇರೆ. ಅದಕ್ಕೆ ಮೊದಲು ವೈದ್ಯರ ಕೈ, ಆಮೇಲೆ ತಾಯಿಯ ಎದೆ. ತಾಯಿ ಶಸ್ತ್ರಕ್ರಿಯೆಯಾಗಿ ಮಲಗಿದ್ದರೆ ತಂದೆಯ ಎದೆಯೂ ಆದೀತು, ಅಜ್ಜಿಯದೂ ಆದೀತು. ಗಂಡಸರು ಇದಕ್ಕೆ ನಾಚುವ ಕಾಲ ಹೋಯಿತು.

ಕೊಪ್ಪಳದಲ್ಲಿ ಆಗದೆ ನೂರು ಕಿಲೋಮೀಟರಿಗೂ ಮಿಕ್ಕ ಹುಬ್ಬಳ್ಳಿಗೆ ಕಳಿಸಬೇಕಾಗಿ ಬಂದರೂ ಈ ಮಾತು ಮರೆಯಬಾರದು. ಹೊರಡುವ ಮುನ್ನ ಕೂಸು ಬೆಚ್ಚಗಿರಬೇಕು, ರಕ್ತದ ಸಕ್ಕರೆ ನೋಡಿರಬೇಕು, ಔಷಧಿ ಹರಿಯುತ್ತಿದ್ದರೆ ಅದು ನಡುದಾರಿಯಲ್ಲಿ ನಿಲ್ಲಬಾರದು. ಡೋಪಮೈನಿನ ಹರಿವು ಹಠಾತ್ತನೆ ತಪ್ಪಿದರೆ ಒತ್ತಡ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತದೆ.

ಇನ್ನು ಗಾಜಿನ ಆಚೆ ನಿಂತ ಆ ತಂದೆ. ಅಂಕೆ ಏರಿತೇ ಎಂದು ಗಳಿಗೆಗೊಮ್ಮೆ ಕೇಳುವುದಕ್ಕಿಂತ, ಕೂಸು ಮೂತ್ರ ಮಾಡಿತೇ, ಕೈಕಾಲು ಬೆಚ್ಚಗಿವೆಯೇ, ನೆತ್ತಿಯ ಮೂಲಕ ತಲೆಯ ಸ್ಕ್ಯಾನ್ ಮಾಡುವುದು ಯಾವ ದಿನ ಎಂದು ಅವನು ಕೇಳಲಿ. ನೆತ್ತಿಯ ಎಲುಬು ಇನ್ನೂ ಕೂಡಿರದ ಕಾರಣ ಅಲ್ಲಿಂದಲೇ ಮೆದುಳನ್ನು ನೋವಿಲ್ಲದೆ ನೋಡಬಹುದು. ಮೊದಲ ವಾರದಲ್ಲಿ ಒಮ್ಮೆ, ಮುಂದೆ ಮನೆಗೆ ಹೋಗುವ ಹೊತ್ತಿಗೆ ಇನ್ನೊಮ್ಮೆ. ಆ ಮೇಲೆ ಎರಡು ವರ್ಷಗಳವರೆಗೆ ಕೂಸು ಕತ್ತು ನಿಲ್ಲಿಸಿದ್ದು, ಕೂತದ್ದು, ನಡೆದದ್ದು, ಮಾತಾಡಿದ್ದನ್ನು ಆಸ್ಪತ್ರೆಗೆ ತಂದು ತೋರಿಸುತ್ತಿರಬೇಕು. ಕೂಸು ಮೈಕೈ ತುಂಬಿಕೊಂಡಿತೆಂದರೆ ಮನೆಯವರು ಈ ಭೇಟಿಗಳನ್ನು ಬಿಟ್ಟುಬಿಡುವುದುಂಟು. ಮೊದಲ ರಾತ್ರಿಯ ಇಪ್ಪತ್ತೇಳು ಏನಾದರೂ ಗುರುತು ಬಿಟ್ಟಿದೆಯೇ ಇಲ್ಲವೇ ಎಂಬುದು ತಿಳಿಯುವುದು ಆಗಲೇ.